ಕೂಡಿಟ್ಟ ಮಳೆನೀರನ್ನು ಬಿಸಿಲಿನ ಕಾವಿನಿಂದ ಶುದ್ಧಗೊಳಿಸುವ ವಿಧಾನಗಳು: ಮಲೆನಾಡಿನ ಮನೆಗೆ ಯಾವುದು ಸೂಕ್ತ?

ಮಲೆನಾಡಿನಲ್ಲಿ ಮಳೆನೀರು ಕೂಡಿಡುವ ಮಾತು ಬಂದಾಗ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಾಗ ಅದರ ಅಗತ್ಯವಾದರೂ ಏನು ಎಂದು ಕೇಳುವವರು ಇಂದಿಗೂ ಇದ್ದಾರೆ. ಏಪ್ರಿಲ್ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗುಡ್ಡದ ಮನೆಗಳನ್ನು ಕಂಡವರು ಹಾಗೆ ಕೇಳುವುದಿಲ್ಲ. ಅಷ್ಟು ಹೊತ್ತಿಗೆ ಗುಡ್ಡದಿಂದ ಹರಿದುಬರುವ ಅಬ್ಬಿ ನೀರು ಬೆರಳು ಗಾತ್ರಕ್ಕೆ ಇಳಿದಿರುತ್ತದೆ, ಇಲ್ಲವೇ ನಿಂತೇ ಹೋಗಿರುತ್ತದೆ. ಎಷ್ಟೋ ಬಾವಿಗಳಲ್ಲಿ ಕೊಡ ಮುಳುಗುವಷ್ಟು ನೀರಿರುವುದಿಲ್ಲ. ಮಳೆಗಾಲದಲ್ಲಿ ಸೂರಿನಿಂದ ಅಂಗಳಕ್ಕೆ ಸುರಿದು ಹೊಳೆ ಸೇರಿದ ನೀರಿನಲ್ಲಿ ಕೆಲವು ಸಾವಿರ ಲೀಟರನ್ನು ಮುಚ್ಚಿದ ತೊಟ್ಟಿಯಲ್ಲಿ ಉಳಿಸಿಕೊಂಡಿದ್ದರೆ, ಕುಡಿಯುವ ನೀರಿನ ಮಟ್ಟಿಗಾದರೂ ಆ ಮನೆ ಟ್ಯಾಂಕರಿನ ದಾರಿ ಕಾಯಬೇಕಾಗಿರಲಿಲ್ಲ.

ಹೀಗೆ ಉಳಿಸಿದ ನೀರನ್ನು ಬಿಸಿಲಿನ ಕಾವಿನಿಂದಲೇ ಕುಡಿಯಲು ಯೋಗ್ಯವಾಗುವಂತೆ ಮಾಡುವ ಹಲವು ವಿಧಾನಗಳಿವೆ. ಅವುಗಳನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ವರ್ಷವಿಡೀ ಬಿಸಿಲಿರುವ ಸೀಮೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮಲ್ಲಿ ನೀರು ಸಿಗುವ ಕಾಲ ಮತ್ತು ಬಿಸಿಲು ಸಿಗುವ ಕಾಲ ಬೇರೆಬೇರೆ. ಮೃಗಶಿರ ಮಳೆ ಹಿಡಿದ ಮೇಲೆ ಮಘೆ ಮುಗಿಯುವವರೆಗೆ, ಅಂದರೆ ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ, ಯಾವ ಸೌರ ಸಾಧನವನ್ನೂ ನಂಬಿಕೊಳ್ಳುವಂತಿಲ್ಲ. ನಡುವೆ ಎರಡು ದಿನ ಹೊಳವಾದರೂ ಮೂರನೆಯ ದಿನ ಮತ್ತೆ ಮೋಡ ಕವಿಯುತ್ತದೆ. ಆದ್ದರಿಂದ ಇಲ್ಲಿ ಆಯ್ಕೆಗೆ ಕೂರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಯಾವ ಸಾಧನ ಹೆಚ್ಚು ಬಿಸಿಯಾಗುತ್ತದೆ ಎಂಬುದಲ್ಲ. ಹಸ್ತ ಮಳೆಯ ನಂತರದ ಏಳು ತಿಂಗಳಲ್ಲಿ ನಮ್ಮ ಅಂಗಳಕ್ಕೆ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ, ಮತ್ತು ಆವರೆಗೆ ನೀರನ್ನು ಕೆಡದಂತೆ ಇಡಲು ನಮ್ಮಲ್ಲಿ ಎಷ್ಟು ದೊಡ್ಡ ತೊಟ್ಟಿ ಇದೆ ಎಂಬುದು.

ಕಾವು ಏನನ್ನು ಕೊಲ್ಲುತ್ತದೆ, ಏನನ್ನು ಬಿಡುತ್ತದೆ

ಮೋಡದಿಂದ ಇಳಿಯುವ ಮಳೆ ಬಹುಮಟ್ಟಿಗೆ ಶುದ್ಧವಾಗಿಯೇ ಇರುತ್ತದೆ. ಹೆಂಚನ್ನು ಮುಟ್ಟಿದ ಮೇಲೆ ಅದಕ್ಕೆ ಹಕ್ಕಿಯ ಹಿಕ್ಕೆ, ಮಂಗ ಮತ್ತು ಇಲಿಗಳ ಮಲಮೂತ್ರ, ಕೊಳೆತ ದರಗು, ಪಾಚಿ ಎಲ್ಲವೂ ಸೇರುತ್ತವೆ. ವಾಂತಿಭೇದಿ, ಟೈಫಾಯಿಡ್ ತರುವ ಬ್ಯಾಕ್ಟೀರಿಯಾ, ಕಾಮಾಲೆಯ ವೈರಾಣು, ಜಿಯಾರ್ಡಿಯಾದಂಥ ಪರಾವಲಂಬಿಗಳು, ಇಲಿ ಜ್ವರದ ರೋಗಾಣು ಇವೆಲ್ಲಕ್ಕೂ ಕಾವೇ ಶತ್ರು. ಇವುಗಳನ್ನು ಕೊಲ್ಲಲು ನೀರು 100 ಡಿಗ್ರಿಗೆ ಏರಿ ಕುದಿಯಲೇಬೇಕೆಂದಿಲ್ಲ. 65 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕೆಲವು ನಿಮಿಷ ಅಲ್ಲೇ ನಿಂತರೆ ಸಾಕು. ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟು ಪಾಶ್ಚರೀಕರಿಸುವ ಡೇರಿಗಳು ನೆಚ್ಚಿಕೊಂಡಿರುವುದೂ ಇದೇ ತತ್ತ್ವವನ್ನು. ಸಾಮಾನ್ಯ ಬಿಸಿಲಿನಲ್ಲಿ, ದುಬಾರಿ ಸಾಧನವಿಲ್ಲದೆ, ಮನೆಯಲ್ಲೇ ಕುಡಿಯುವ ನೀರು ಸಿದ್ಧಪಡಿಸಲು ಸಾಧ್ಯವಾಗುವುದು 100ಕ್ಕೂ 65ಕ್ಕೂ ನಡುವಿನ ಈ ಅಂತರದಿಂದಲೇ.

ಆದರೆ ನೀರಿನಲ್ಲಿ ಕರಗಿದ ರಾಸಾಯನಿಕಕ್ಕೆ ಕಾವು ಏನನ್ನೂ ಮಾಡಲಾರದು, ಮತ್ತು ಅಡಿಕೆ ಸೀಮೆಯವರು ಈ ಮಾತನ್ನು ಉಳಿದೆಲ್ಲರಿಗಿಂತ ಹೆಚ್ಚು ಗಮನವಿಟ್ಟು ಕೇಳಬೇಕು. ಕೊಳೆರೋಗಕ್ಕೆ ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ತೋಟಕ್ಕೆ ಅಂಟಿಕೊಂಡ ಮನೆಯಾದರೆ ಗೊನೆಗೆ ಹೊಡೆದ ಔಷಧಿಯ ತುಂತುರು ಗಾಳಿಗೆ ತೇಲಿ ಮಾಡಿನ, ಅಂದರೆ ಮನೆಯ ಛಾವಣಿಯ, ಮೇಲೂ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಒಂದು ಲೀಟರಿಗೆ 0.05 ಮಿಲಿಗ್ರಾಂ ತಾಮ್ರವನ್ನು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಮೂಲವೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದೆಂದೂ ಹೇಳುತ್ತದೆ. ಹೀಗಾಗಿ ಕೊಳೆ ಔಷಧಿ ಹೊಡೆಯುವ ದಿನ ತೊಟ್ಟಿಗೆ ಹೋಗುವ ಪೈಪನ್ನು ತಪ್ಪದೆ ಬಿಡಿಸಿ ಹೊರಗೆ ತಿರುಗಿಸಿ, ಎರಡು ಮೂರು ಜೋರು ಮಳೆಗೆ ಮಾಡು ಚೆನ್ನಾಗಿ ತೊಳೆದುಹೋದ ಮೇಲೆಯೇ ಮರಳಿ ಜೋಡಿಸಬೇಕು. ಹಳೆಯ ಸೀಸದ ಬಣ್ಣ ಬಳಿದ ತಗಡಿನ ಮಾಡು, ಪುಡಿಯೇಳುತ್ತಿರುವ ಸಿಮೆಂಟ್ ಶೀಟಿನ ಮಾಡು ಇವುಗಳ ನೀರು ಬಟ್ಟೆ ಒಗೆಯಲು, ಗಿಡಕ್ಕೆ ಹಾಕಲು ಇರಲಿ. ಕುಡಿಯುವುದಕ್ಕೆ ಮಂಗಳೂರು ಹೆಂಚಿನ ಮಾಡು ಅಥವಾ ಸ್ವಚ್ಛವಾದ ಆರ್‌ಸಿಸಿ ತಾರಸಿಯ ನೀರನ್ನೇ ಹಿಡಿಯಬೇಕು.

ಮಣ್ಣುಮಿಶ್ರಿತ ಮಂಕು ನೀರಿನಲ್ಲಿ ಯಾವ ವಿಧಾನವೂ ಪೂರ್ಣ ಫಲ ಕೊಡುವುದಿಲ್ಲ. ಆದ್ದರಿಂದ ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿಯ ಬಾಯಿಗೆ ಜಾಲರಿ, ಮೊದಲ ನೀರನ್ನು ಹೊರಗೆ ಬಿಡುವ ಗೇಟ್‌ವಾಲ್ವ್, ಆನಂತರ ಮರಳು-ಜಲ್ಲಿಯ ಸೋಸುತೊಟ್ಟಿ, ಇಷ್ಟು ಇರಲೇಬೇಕು. 100 ಚದರ ಮೀಟರಿನ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ಆಗುತ್ತದೆ. ಒಣಗಿದ ಮಾಡನ್ನು ತೊಳೆಯಲು ಅಂಥ ಮೊದಲ 100–200 ಲೀಟರನ್ನು ಕಳೆದುಕೊಳ್ಳಲು ಹಿಂಜರಿಯಬಾರದು. ಆರಿದ್ರ, ಪುನರ್ವಸು ಮಳೆಗಳ ಜಡಿಮಳೆಯಲ್ಲಿ ಮಾಡು ತಾನಾಗಿಯೇ ತೊಳೆದಿರುತ್ತದೆ, ಔಷಧಿಯ ದಿನಗಳನ್ನು ಬಿಟ್ಟು ಆಗ ತುಂಬಿಕೊಳ್ಳುವುದು ಉತ್ತಮ. ಚಿತ್ತೆ, ಸ್ವಾತಿಯ ಗುಡುಗು ಮಳೆ ಹಲವು ದಿನಗಳ ಧೂಳನ್ನು ಹೊತ್ತು ತರುವುದರಿಂದ ಅದನ್ನು ಕುಡಿಯುವ ತೊಟ್ಟಿಗೆ ಬಿಡದಿರುವುದೇ ಲೇಸು.

ತೊಟ್ಟಿಯ ಲೆಕ್ಕ

ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಎಂದಿಟ್ಟುಕೊಳ್ಳೋಣ. ನವೆಂಬರ್ ಮಧ್ಯದಿಂದ ಮೇ ಕೊನೆಯವರೆಗಿನ ಸುಮಾರು 200 ದಿನಗಳಿಗೆ 5,000 ಲೀಟರ್ ಬೇಕಾಗುತ್ತದೆ. 100 ಚದರ ಮೀಟರಿನ ಹೆಂಚಿನ ಮಾಡು, ಐದನೇ ಒಂದು ಪಾಲು ಚೆಲ್ಲಿಹೋದರೂ, ಇಷ್ಟು ನೀರನ್ನು ಒಟ್ಟು 65 ಮಿಲಿಮೀಟರಿನಷ್ಟು ಮಳೆಯಲ್ಲಿ ಕೊಟ್ಟುಬಿಡುತ್ತದೆ. ತೀರ್ಥಹಳ್ಳಿಯ ಕಡೆ ಪುನರ್ವಸು ಮಳೆಯಲ್ಲಿ ಅದು ಒಂದೇ ದಿನದ ಮಾತೂ ಆಗಬಹುದು. ಕಷ್ಟವಿರುವುದು ಹಿಡಿಯುವುದರಲ್ಲಲ್ಲ, ಇಡುವುದರಲ್ಲಿ. ಬೆಳಕು ಬೀಳದ, ಸೊಳ್ಳೆ ಹೋಗದ, ಹಲ್ಲಿ ಬೀಳದ ತೊಟ್ಟಿಯಲ್ಲಿ ನೀರು ತಿಂಗಳುಗಟ್ಟಲೆ ಚೆನ್ನಾಗಿಯೇ ಇರುತ್ತದೆ, ಅದರೊಳಗಿನ ರೋಗಾಣುಗಳೂ ವಾರಗಳು ಕಳೆದಂತೆ ಕ್ಷೀಣಿಸುತ್ತವೆ, ಆದರೆ ಪೂರ್ತಿ ಇಲ್ಲವಾಗುವುದಿಲ್ಲ. ಈ 25 ಲೀಟರಿನಲ್ಲಿ ಅಡುಗೆಯ ಪಾಲು ಒಲೆಯ ಮೇಲೆ ಹೇಗೂ ಕುದಿಯುತ್ತದೆ. ಬಿಸಿಲಿನಲ್ಲಿ ಶುದ್ಧಗೊಳಿಸಬೇಕಾದದ್ದು ಕುಡಿಯುವ 12 ಲೀಟರನ್ನು ಮಾತ್ರ. ಮುಂದಿನ ಎಲ್ಲ ಹೋಲಿಕೆಗೂ ಈ 12 ಲೀಟರೇ ಅಳತೆಗೋಲು.

ಬಾಟಲಿಯಲ್ಲಿ ಬಿಸಿಲಿಗಿಡುವುದು

ಎಲ್ಲಕ್ಕಿಂತ ಅಗ್ಗದ ವಿಧಾನ ಇದು. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಆಫ್ತಿಮ್ ಅಕ್ರಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. 1991ರಿಂದ ಸ್ವಿಟ್ಜರ್ಲೆಂಡಿನ ‘ಈವಾಗ್’ ಎಂಬ ಜಲಸಂಶೋಧನಾ ಸಂಸ್ಥೆ ಇದನ್ನು ಮುಂದುವರಿಸಿ ಹಲವು ದೇಶಗಳಿಗೆ ಹರಡಿತು. ಪಾರದರ್ಶಕ ಪೆಟ್ ಬಾಟಲಿಯಲ್ಲಿ, ಅಂದರೆ ತಳದ ತ್ರಿಕೋನದೊಳಗೆ 1 ಎಂಬ ಅಂಕಿ ಇರುವ ಬಾಟಲಿಯಲ್ಲಿ, ತಿಳಿನೀರು ತುಂಬಿ ಆರು ಗಂಟೆ ನೇರ ಬಿಸಿಲಿಗೆ ಮಲಗಿಸಿಡಬೇಕು. ಆಕಾಶದ ಅರ್ಧಕ್ಕಿಂತ ಹೆಚ್ಚು ಭಾಗ ಮೋಡ ಕವಿದಿದ್ದರೆ ಎರಡು ದಿನ ಬೇಕು, ಬಿಡದೆ ಮಳೆ ಸುರಿಯುವ ದಿನಗಳಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಮುಖ್ಯವಾಗಿ ದುಡಿಯುವುದು ಬಿಸಿಲಿನ ಅತಿನೇರಳೆ ಕಿರಣ. ನೀರಿನ ಬಿಸಿ 50 ಡಿಗ್ರಿಯ ಸಮೀಪಕ್ಕೆ ಏರಿದರೆ ಕಾವು ಮತ್ತು ಕಿರಣ ಒಂದಕ್ಕೊಂದು ಬಲ ಕೊಟ್ಟು ಕೆಲಸ ಬೇಗ ಆಗುತ್ತದೆ.

ಬಾಟಲಿ ಎರಡು ಲೀಟರಿಗಿಂತ ದೊಡ್ಡದಿರಬಾರದು, ಬಣ್ಣದ್ದಾಗಿರಬಾರದು, ಗೀರು ಬಿದ್ದು ಮಂಕಾಗಿರಬಾರದು. ಕೆಲವರು 20 ಲೀಟರಿನ ನೀರಿನ ಕ್ಯಾನನ್ನೇ ಬಿಸಿಲಿಗಿಟ್ಟರೆ ಆಗದೇ ಎಂದು ಕೇಳುತ್ತಾರೆ. ಆಗದು: ಅಂಥ ಹಲವು ಕ್ಯಾನುಗಳನ್ನು ಮಾಡುವ ಪಾಲಿಕಾರ್ಬೊನೇಟ್ ಅತಿನೇರಳೆ ಕಿರಣವನ್ನು ತಡೆಯುತ್ತದೆ, ಜೊತೆಗೆ ಅಷ್ಟು ಆಳದ ನೀರಿನ ಒಳಗಿನವರೆಗೆ ಕಿರಣ ಇಳಿಯುವುದೂ ಇಲ್ಲ. ನೀರಿನ ತಿಳಿಯನ್ನು ನೋಡಲು ಸುಲಭವಾದ ಪರೀಕ್ಷೆಯೊಂದಿದೆ. ತುಂಬಿದ ಬಾಟಲಿಯನ್ನು ದಿನಪತ್ರಿಕೆಯ ದಪ್ಪ ಅಕ್ಷರದ ತಲೆಬರಹದ ಮೇಲೆ ನಿಲ್ಲಿಸಿ, ಬಾಯಿಯ ಕಡೆಯಿಂದ ಕೆಳಗೆ ನೋಡಬೇಕು. ಅಕ್ಷರ ಓದಲು ಬಂದರೆ ನೀರು ಸಾಕಷ್ಟು ತಿಳಿಯಾಗಿದೆ, ಬಾರದಿದ್ದರೆ ಮತ್ತೊಮ್ಮೆ ಸೋಸಬೇಕು. ಮುಕ್ಕಾಲು ಭಾಗ ತುಂಬಿ ಚೆನ್ನಾಗಿ ಕುಲುಕಿ, ಆಮೇಲೆ ಪೂರ್ತಿ ತುಂಬಿದರೆ ನೀರಿಗೆ ಸೇರಿದ ಆಮ್ಲಜನಕವೂ ರೋಗಾಣು ನಾಶಕ್ಕೆ ನೆರವಾಗುತ್ತದೆ.

12 ಲೀಟರಿಗೆ ಎರಡು ಲೀಟರಿನ ಆರು ಬಾಟಲಿ ಬೇಕು; ಒಂದು ಸರದಿ ಬಿಸಿಲಿನಲ್ಲಿರುವಾಗ ಇನ್ನೊಂದನ್ನು ಕುಡಿಯಲು ಬಳಸಬೇಕಾದ್ದರಿಂದ ಹನ್ನೆರಡು. ಖರ್ಚು ಇಷ್ಟೇ. ಆದರೂ ಇದನ್ನು ಮಲೆನಾಡಿನ ಮನೆಗೆ ಮೊದಲ ಆಯ್ಕೆಯೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಅಡಿಕೆ ತೋಟದ ನಡುವಿನ ಕಣಿವೆಯ ಮನೆಗೆ ಬೆಳಗಿನ ಮಂಜು ಕರಗಿ ಬಿಸಿಲು ಬೀಳುವಾಗಲೇ ತಡವಾಗಿರುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಮರಗಳ ನೆರಳು ಅಂಗಳಕ್ಕೆ ಬಂದಿರುತ್ತದೆ. ಅಡೆತಡೆಯಿಲ್ಲದ ಆರು ಗಂಟೆ ಅಲ್ಲಿ ಸಿಗುವುದು ಅಪರೂಪ. ಇನ್ನೂ ಮುಖ್ಯವಾದ ಕೊರತೆಯೆಂದರೆ ನೀರು ಸಿದ್ಧವಾಯಿತೆಂದು ತಿಳಿಸುವ ಗುರುತು ಬಾಟಲಿಯಲ್ಲಿಲ್ಲ. ಗಡಿಯಾರವನ್ನೂ ಆಕಾಶವನ್ನೂ ನೋಡಿ ಊಹಿಸಬೇಕು, ಊಹೆ ತಪ್ಪಿದರೆ ಗೊತ್ತಾಗುವುದು ಮಗುವಿನ ಹೊಟ್ಟೆ ಕೆಟ್ಟ ಮೇಲೆ. ಕ್ರಿಪ್ಟೊಸ್ಪೊರಿಡಿಯಂನಂಥ ಗಟ್ಟಿ ಕವಚದ ಪರಾವಲಂಬಿಗಳು ಈ ವಿಧಾನಕ್ಕೆ ಸುಲಭವಾಗಿ ಬಗ್ಗುವುದೂ ಇಲ್ಲ.

ಸೌರ ಪೆಟ್ಟಿಗೆಯಲ್ಲಿ 65 ಡಿಗ್ರಿಗೆ ಕಾಯಿಸುವುದು

ಅನ್ನ-ಬೇಳೆ ಬೇಯಿಸಲೆಂದು ನಮ್ಮಲ್ಲಿ ದಶಕಗಳಿಂದ ಪ್ರಚಾರದಲ್ಲಿರುವ ಪೆಟ್ಟಿಗೆ ಮಾದರಿಯ ಸೌರ ಕುಕ್ಕರ್, ನೀರು ಶುದ್ಧಗೊಳಿಸುವ ಕೆಲಸಕ್ಕೆ ಇನ್ನೂ ಚೆನ್ನಾಗಿ ಒದಗುತ್ತದೆ. ಒಳಗೆ ಕಪ್ಪು ಬಳಿದ, ಸುತ್ತ ಕಾವು ಹೊರಹೋಗದಂತೆ ತುಂಬಿಸಿದ, ಮೇಲೆ ಎರಡು ಪದರ ಗಾಜು ಮತ್ತು ಬಿಸಿಲನ್ನು ಒಳಗೆ ತಳ್ಳುವ ಕನ್ನಡಿಯಿರುವ ಪೆಟ್ಟಿಗೆ ಅದು. 1984ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಡೇವಿಡ್ ಚೊಕೆಟ್ಟಿ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಮೆಟ್‌ಕಾಫ್ ಇಂಥದೇ ಪೆಟ್ಟಿಗೆಯಲ್ಲಿ ಕಲುಷಿತ ನೀರನ್ನು 65 ಡಿಗ್ರಿಗೆ ಕಾಯಿಸಿ, ಅದು ಕುಡಿಯಲು ಯೋಗ್ಯವಾಗುವುದನ್ನು ತೋರಿಸಿದ್ದರು.

ಲೆಕ್ಕ ಹೀಗಿದೆ. ಒಂದು ಲೀಟರ್ ನೀರನ್ನು 25ರಿಂದ 65 ಡಿಗ್ರಿಗೆ ಏರಿಸಲು ಸುಮಾರು 167 ಕಿಲೋಜೂಲ್ ಕಾವು ಬೇಕು. ಫೆಬ್ರವರಿ-ಮಾರ್ಚಿಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 6 ಯೂನಿಟ್ ವಿದ್ಯುತ್ತಿಗೆ ಸಮನಾದ ಸೌರಶಕ್ತಿ ಬೀಳುತ್ತದೆ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಗಾಜಿನ ಪೆಟ್ಟಿಗೆ ಅದರಲ್ಲಿ ಶೇ 30ರಷ್ಟನ್ನು ನೀರಿಗೆ ಮುಟ್ಟಿಸಿದರೂ 9–10 ಲೀಟರ್ ಸಿದ್ಧವಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ನಾಲ್ಕು ಲೀಟರಿಟ್ಟರೆ ನಿಚ್ಚಳ ಬಿಸಿಲಿನಲ್ಲಿ ಎರಡು ಮೂರು ಗಂಟೆಗೆ ಇಳಿಸಬಹುದು, ಮಧ್ಯಾಹ್ನ ಇನ್ನೊಂದು ಸರದಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಕನ್ನಡಿಯನ್ನು ಆ ಕಡೆಗೆ ತಿರುಗಿಸಿ ನಿಲ್ಲಿಸಬೇಕು, ಆಗ ಸರದಿಯೂ ನಿಧಾನವಾಗುತ್ತದೆ. ನೀರನ್ನು ಒಂದೇ ದೊಡ್ಡ ಪಾತ್ರೆಯಲ್ಲಿಡುವ ಬದಲು ಹೊರಗೆ ಕಪ್ಪು ಬಳಿದ, ಮುಚ್ಚಳವಿರುವ ಎರಡು ಮೂರು ಅಗಲ ಪಾತ್ರೆಗಳಲ್ಲಿ ಇಟ್ಟರೆ ಬೇಗ ಕಾಯುತ್ತದೆ.

ಈ ವಿಧಾನದ ದೊಡ್ಡ ಬಲವೆಂದರೆ ನೀರು 65 ಮುಟ್ಟಿತೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದು. ಅದಕ್ಕೆ ಬೇಕಾದ ಸಾಧನ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಎರಡೂ ತುದಿ ಮುಚ್ಚಿದ ಪಾರದರ್ಶಕ ನಳಿಕೆಯ ಒಂದು ತುದಿಯಲ್ಲಿ ಮೇಣವನ್ನು ಕರಗಿಸಿ ಹೆಪ್ಪುಗಟ್ಟಲು ಬಿಟ್ಟು, ಮೇಣದ ತುದಿ ಮೇಲೆ ಬರುವಂತೆ ಭಾರ ಕಟ್ಟಿ ನೀರಿನಲ್ಲಿ ಇಳಿಬಿಡುತ್ತಾರೆ. ನೀರು ಕಾದಾಗ ಮೇಣ ಕರಗಿ ಕೆಳಗಿನ ತುದಿಗೆ ಇಳಿಯುತ್ತದೆ, ತಣ್ಣಗಾದ ಮೇಲೂ ಅಲ್ಲೇ ಹೆಪ್ಪುಗಟ್ಟಿರುತ್ತದೆ. ಹಾಗಾಗಿ ಮಧ್ಯಾಹ್ನ ತೋಟದಲ್ಲಿದ್ದವರು ಸಂಜೆ ಬಂದು ನೋಡಿದರೂ, ಆ ದಿನ ನೀರು ಕಾದಿತ್ತೇ ಎಂಬುದಕ್ಕೆ ಸಾಕ್ಷಿ ಅಲ್ಲಿರುತ್ತದೆ. ಇದಕ್ಕೆಂದೇ ತಯಾರಿಸಿದ ಸೂಚಕಗಳಲ್ಲಿ ಸುಮಾರು 70 ಡಿಗ್ರಿಗೆ ಕರಗುವ ಸೋಯಾ ಮೇಣ ಬಳಸುತ್ತಾರೆ. ಜೇನು ಸಾಕುವ ಮನೆಗಳಲ್ಲಿ ಸಿಗುವ ಶುದ್ಧ ಜೇನುಮೇಣ 62–65 ಡಿಗ್ರಿಯ ನಡುವೆ ಕರಗುತ್ತದೆ. ಅದನ್ನು ಬಳಸಿದರೆ ಮೇಣ ಇಳಿದ ಮೇಲೆ ಇನ್ನೂ ಅರ್ಧ ಗಂಟೆ ಪೆಟ್ಟಿಗೆಯಲ್ಲೇ ಬಿಡಬೇಕು. ಅಂಗಡಿಯ ಮೇಣದಬತ್ತಿಯ ಮೇಣ ಬೇಡ, ಅದು ಒಂದೊಂದು ಬಗೆಯದು ಒಂದೊಂದು ಬಿಸಿಗೆ, ಕೆಲವು 50ಕ್ಕೇ ಕರಗುವುದುಂಟು. ಇಷ್ಟೆಲ್ಲ ಬೇಡವೆನ್ನುವವರು ಹಾಲಿನ ಬಿಸಿ ನೋಡುವ ಉದ್ದ ಕಡ್ಡಿಯ ಥರ್ಮಾಮೀಟರನ್ನು ಇಟ್ಟುಕೊಳ್ಳಬಹುದು, ಆದರೆ ಹೊತ್ತಿಗೆ ಸರಿಯಾಗಿ ನೋಡಲು ಮನೆಯಲ್ಲಿ ಒಬ್ಬರಿರಬೇಕು.

ಜಾಗ ಹುಡುಕುವುದು ಅಡಿಕೆ ಬೆಳೆಗಾರರಿಗೆ ಕಷ್ಟವಲ್ಲ. ಅಡಿಕೆ ಒಣಗಿಸುವ ಅಟ್ಟವನ್ನು ಹಿರಿಯರು ಮನೆಯ ಸುತ್ತ ಅತಿ ಹೆಚ್ಚು ಬಿಸಿಲು ಬೀಳುವ ಕಡೆಯೇ ಕಟ್ಟಿರುತ್ತಾರೆ, ಅದರ ಒಂದು ಮೂಲೆ ಸಾಕು. ಮಂಗಗಳ ಕಾಟವಿರುವಲ್ಲಿ ಗಾಜಿನ ಮೇಲೆ ಅಗಲ ಕಣ್ಣಿನ ಬಲೆ ಹಾಕಬೇಕಾಗಬಹುದು.

ತಟ್ಟೆ ಮಾದರಿಯ ಸೌರ ಒಲೆ

ಛತ್ರಿಯಂತೆ ಬಿಚ್ಚಿರುವ ದೊಡ್ಡ ತಟ್ಟೆಯ ಸೌರ ಒಲೆ ನೀರನ್ನು ಕುದಿಸಿಯೇ ಬಿಡುತ್ತದೆ, ಅದೂ ಪೆಟ್ಟಿಗೆಗಿಂತ ಎಷ್ಟೋ ಬೇಗ. ಆದರೆ ಸೂರ್ಯ ಸರಿದಂತೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಅದನ್ನು ತಿರುಗಿಸುತ್ತಿರಬೇಕು, ಪ್ರತಿಫಲಿಸಿದ ಬೆಳಕು ಕಣ್ಣಿಗೆ ಅಪಾಯ, ತೆಳುಮೋಡ ಬಂದರೂ ಅದರ ಬಲ ಕುಸಿಯುತ್ತದೆ. ಓಡಾಡುವ ಮಕ್ಕಳಿರುವ ಮನೆಗೆ ಇದನ್ನು ಹೇಳಲಾರೆ.

ಸ್ನಾನದ ಸೋಲಾರ್ ಹೀಟರ್

ಶಿವಮೊಗ್ಗ ನಗರದ ತಾರಸಿಗಳಲ್ಲಿ ಸೋಲಾರ್ ವಾಟರ್ ಹೀಟರ್ ಹೊಸದಲ್ಲ. ನಿಚ್ಚಳ ದಿನ ಅದರ ನೀರು 60–80 ಡಿಗ್ರಿಗೆ ಏರುವುದು ನಿಜವಾದ್ದರಿಂದ, ಅದನ್ನೇ ಹಿಡಿದು ಕುಡಿದರಾಗದೇ ಎಂದು ಅನೇಕರು ಕೇಳುತ್ತಾರೆ. ನಾನು ಬೇಡವೆಂದೇ ಹೇಳುತ್ತೇನೆ, ಕಾರಣಗಳು ಗಟ್ಟಿಯಾಗಿವೆ. ಮೇಲಿನಿಂದ ಬಿಸಿನೀರು ತೆಗೆದ ಹಾಗೆಲ್ಲ ಕೆಳಗಿನಿಂದ ತಣ್ಣೀರು ಬಂದು ಸೇರುತ್ತದೆ. ನಲ್ಲಿಯಲ್ಲಿ ಬಂದ ನೀರಿನ ಪ್ರತಿ ಹನಿಯೂ 65 ಡಿಗ್ರಿ ಕಂಡಿತ್ತೆಂದು ಯಾರೂ ಹೇಳಲಾರರು. ಮೋಡದ ದಿನ ಟ್ಯಾಂಕಿನ ನೀರು 35–45 ಡಿಗ್ರಿಯಲ್ಲಿ ನಿಂತರೆ ರೋಗಾಣುಗಳು ಸಾಯುವ ಬದಲು ಹೆಚ್ಚುತ್ತವೆ. ಮಳೆನೀರಿನ ಗುಣವೂ ಇಲ್ಲಿ ತೊಡಕು: ಅದರಲ್ಲಿ ಲವಣ ಬಹಳ ಕಡಿಮೆ, ಅದು ತುಸು ಆಮ್ಲೀಯವೂ ಹೌದು. ಬೋರ್‌ವೆಲ್ ನೀರಿನಂತೆ ಸುಣ್ಣ ಕಟ್ಟುವುದಿಲ್ಲವೆಂಬುದು ಲಾಭವೇ, ಆದರೆ ಇಂಥ ಮೆದು ನೀರು ಬಿಸಿಯಾದಾಗ ಪೈಪು, ಬೆಸುಗೆ, ತೊಟ್ಟಿಯ ಲೋಹವನ್ನು ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ಸ್ನಾನಕ್ಕೆಂದು ತಯಾರಿಸಿದ ಸಾಧನವನ್ನು ಕುಡಿಯುವ ನೀರಿಗೆ ನಂಬುವುದು ಸರಿಯಲ್ಲ.

ಬಟ್ಟಿ ಇಳಿಸುವ ಸೌರ ತೊಟ್ಟಿ

ಗಾಜಿನ ಇಳಿಜಾರು ಮುಚ್ಚಳದ ಕೆಳಗೆ ನೀರನ್ನು ಆವಿಯಾಗಿಸಿ ಹನಿ ಹಿಡಿಯುವ ಈ ವಿಧಾನ ಹಳೆಯದು. ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ 1872ರಲ್ಲೇ ಉಪ್ಪುನೀರನ್ನು ಸಿಹಿನೀರಾಗಿಸಲು ಇಂಥ ದೊಡ್ಡ ಸ್ಥಾವರ ಕಟ್ಟಿದ್ದರು. ಫ್ಲೋರೈಡ್, ಉಪ್ಪು, ಲೋಹ ಎಲ್ಲವನ್ನೂ ಹಿಂದೆ ಬಿಡುವ ಸೌರ ವಿಧಾನ ಇದೊಂದೇ, ಮೈಲುತುತ್ತದ ತಾಮ್ರವನ್ನೂ ಸೇರಿಸಿ. ಆದರೆ ಒಂದು ಲೀಟರನ್ನು ಆವಿ ಮಾಡಲು ಅದನ್ನು 65 ಡಿಗ್ರಿಗೆ ಕಾಯಿಸುವುದಕ್ಕಿಂತ ಸುಮಾರು ಹದಿನಾಲ್ಕು ಪಟ್ಟು ಕಾವು ಬೇಕು. ಒಂದು ಚದರ ಮೀಟರಿನಿಂದ ದಿನಕ್ಕೆ 2–4 ಲೀಟರ್ ಸಿಗುವುದರಿಂದ, 12 ಲೀಟರಿಗೆ ಮೂರರಿಂದ ಆರು ಚದರ ಮೀಟರ್ ಗಾಜು ಹಾಸಬೇಕು. ಕರಗಿದ ಲವಣವೇ ಹೆಚ್ಚು ಇಲ್ಲದ ಮಳೆನೀರಿಗೆ ಈ ಖರ್ಚು ವ್ಯರ್ಥ. ಮಳೆನೀರಿಗೆ ಆರ್‌ಒ ಯಂತ್ರ ಹಾಕಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಮಳೆಗಾಲದ ಮೂರು ತಿಂಗಳು

ಈ ತಿಂಗಳುಗಳಲ್ಲಿ ಕುದಿಸುವುದೇ ಸರಿಯಾದ ದಾರಿ. ಗುಳ್ಳೆಯೆದ್ದು ಮಗುಚುವಂತೆ ಒಂದು ನಿಮಿಷ ಕುದಿದರೆ ಸಾಕು. ಮಲೆನಾಡಿನ ಯಾವ ಊರೂ ಮೂರು ನಿಮಿಷ ಕುದಿಸಬೇಕಾದ 2,000 ಮೀಟರಿನ ಎತ್ತರದಲ್ಲಿಲ್ಲ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಯುವಿ ಫಿಲ್ಟರನ್ನು ನೆಚ್ಚಿಕೊಳ್ಳಲಾಗದು. ಬಚ್ಚಲ ಒಲೆ ಹೇಗೂ ಉರಿಯುತ್ತಿರುತ್ತದೆ. ಸ್ನಾನದ ಹಂಡೆಯ ನೀರನ್ನೇ ಕುಡಿಯಲು ತೆಗೆಯದೆ, ಆ ಉರಿಯಲ್ಲಿ ಬೇರೆ ಮುಚ್ಚಿದ ಪಾತ್ರೆಯನ್ನಿಟ್ಟು ಕುದಿಸಿಕೊಳ್ಳಬಹುದು.

ಹಾಗಾದರೆ ವರ್ಷವಿಡೀ ಗ್ಯಾಸಿನಲ್ಲೇ ಕುದಿಸಿದರೆ ಏನು ನಷ್ಟ? 12 ಲೀಟರನ್ನು ದಿನವೂ ಕುದಿಸಿದರೆ, ಒಲೆ ಕೊಡುವ ಕಾವಿನಲ್ಲಿ ಶೇ 60 ನೀರಿಗೆ ಸೇರುತ್ತದೆಂದು ಹಿಡಿದರೂ, ದಿನಕ್ಕೆ ಸುಮಾರು 135 ಗ್ರಾಂ ಅನಿಲ ಬೇಕು. 14.2 ಕಿಲೋದ ಒಂದು ಸಿಲಿಂಡರ್ ನೂರು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ಬಿಸಿಲಿನ 200 ದಿನಗಳಿಗೆ ಎರಡು ಸಿಲಿಂಡರ್. ಈ ಉಳಿತಾಯ ದೊಡ್ಡದೆಂದು ಹೇಳುವಂತಿಲ್ಲ, ಸೌರ ಪೆಟ್ಟಿಗೆಯನ್ನು ಹಣದ ಲೆಕ್ಕದಿಂದಷ್ಟೇ ಕೊಳ್ಳುವವರು ಇದನ್ನು ತಿಳಿದಿರಬೇಕು. ನನ್ನ ಕಾಳಜಿ ಬೇರೆ ಕಡೆ ಇದೆ. ಗ್ಯಾಸು ತೀರುತ್ತಾ ಬಂದಾಗ, ಸೌದೆ ಹಸಿಯಿದ್ದಾಗ, ಕೊಯ್ಲಿನ ಗಡಿಬಿಡಿಯಲ್ಲಿ ಮನೆಗಳಲ್ಲಿ ಮೊದಲು ನಿಲ್ಲುವ ಕೆಲಸ ನೀರು ಕುದಿಸುವುದೇ. ಆಳುಗಳಿಗೂ ಶಾಲೆಯಿಂದ ಬಂದ ಮಕ್ಕಳಿಗೂ ಕೊಡದಿಂದ ನೇರ ನೀರು ಹೋಗುವುದು ಆಗಲೇ. ಬಿಸಿಲಿನಲ್ಲಿ ಇಟ್ಟು ಮರೆತರೂ ತನ್ನಷ್ಟಕ್ಕೆ ಸಿದ್ಧವಾಗಿರುವ ನಾಲ್ಕು ಲೀಟರಿನ ಬೆಲೆ ಆ ದಿನಗಳಲ್ಲಿ ಗೊತ್ತಾಗುತ್ತದೆ.

ಯಾವ ಮನೆಗೆ ಯಾವುದು

ತೋಟದ ನಡುವಿನ ಕಣಿವೆಯ ಮನೆಗೆ ಪೆಟ್ಟಿಗೆಯೇ ಸರಿ, ಏಕೆಂದರೆ ಹತ್ತರಿಂದ ಎರಡರವರೆಗಿನ ಬಿಸಿಲಿನಲ್ಲೇ ಅದು ಒಂದು ಸರದಿ ಮುಗಿಸುತ್ತದೆ. ಉಳಿದದ್ದನ್ನು ಒಲೆಯ ಮೇಲೆ ಕುದಿಸಬೇಕಾಗುತ್ತದೆ. ಗುಡ್ಡದ ಮೇಲಿನ ಬಯಲು ಅಂಗಳದ ಮನೆಗೆ ಪೆಟ್ಟಿಗೆಯ 8–10 ಲೀಟರಿನ ಜೊತೆಗೆ ದಕ್ಷಿಣಕ್ಕೆ ಇಳಿಜಾರಾದ ತಗಡಿನ ಮೇಲೆ ಎರಡು ಬಾಟಲಿಗಳನ್ನಿಟ್ಟರೆ ದಿನದ ನೀರು ಪೂರೈಸುತ್ತದೆ. ಶಿವಮೊಗ್ಗ, ಭದ್ರಾವತಿಯ ತಾರಸಿ ಮನೆಗಳಿಗೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಲ್ಲಿ ಬಾಟಲಿಯ ವಿಧಾನವೂ ವರ್ಷದ ಹೆಚ್ಚಿನ ದಿನ ನಡೆಯುತ್ತದೆ, ಆದರೆ ನಗರದ ಧೂಳಿನಿಂದಾಗಿ ಮೊದಲ ಮಳೆಯ ನೀರನ್ನು ಇನ್ನಷ್ಟು ಹೆಚ್ಚು ಬಿಡಬೇಕು. ಬಾಡಿಗೆ ಮನೆಯವರು, ತೋಟದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಕುಟುಂಬಗಳು ಇಂಥವರಿಗೆ ಬಾಟಲಿಗಿಂತ ಸುಲಭವಾದದ್ದು ಇನ್ನೊಂದಿಲ್ಲ. ಹಸುಗೂಸು, ಬಾಣಂತಿ, ಕಾಯಿಲೆಯಿಂದ ಎದ್ದವರು ಇರುವ ಮನೆಯಲ್ಲಿ ಮಾತ್ರ ಅವರ ಪಾಲಿನ ನೀರನ್ನು ಯಾವ ಕಾಲದಲ್ಲೂ ಕುದಿಸಿಯೇ ಕೊಡಬೇಕು.

ಶುದ್ಧವಾದ ನೀರನ್ನು ಇಡುವುದು ಮತ್ತು ಪರೀಕ್ಷಿಸುವುದು

ಕ್ಲೋರಿನ್ ಹಾಕಿದ ನೀರಿನಲ್ಲಿ ರೋಗಾಣು ಮತ್ತೆ ಸೇರದಂತೆ ತಡೆಯುವ ಅಂಶ ಸ್ವಲ್ಪ ಉಳಿದಿರುತ್ತದೆ, ಕಾವಿನಿಂದ ಶುದ್ಧವಾದ ನೀರಿಗೆ ಅಂಥ ಕಾವಲಿಲ್ಲ. ಆದ್ದರಿಂದ ಕಾಯಿಸಿದ ಪಾತ್ರೆಯಲ್ಲೇ ಮುಚ್ಚಿ ಆರಲು ಬಿಟ್ಟು, ನಲ್ಲಿಯಿರುವ ಸ್ಟೀಲ್ ಡ್ರಮ್ಮಿಗೆ ಸುರಿದು, ಒಂದೆರಡು ದಿನದೊಳಗೆ ಬಳಸಬೇಕು. ಲೋಟ ಮುಳುಗಿಸಿ ತೆಗೆಯುವ ಅಗಲ ಬಾಯಿಯ ಕೊಡ ಬೇಡ. ಹುಣಸೆಹಣ್ಣಿನಿಂದ ಬೆಳಗಿದ ತಾಮ್ರದ ಕೊಡದಲ್ಲಿ ಮಳೆನೀರನ್ನು ದಿನಗಟ್ಟಲೆ ಇಡುವುದೂ ಒಳ್ಳೆಯದಲ್ಲ, ಆಮ್ಲೀಯ ನೀರು ತಾಮ್ರವನ್ನು ಬೇಗ ಕರಗಿಸುತ್ತದೆ. ಕಾಯಿಸಿದ ನೀರು ಸಪ್ಪೆಯೆನಿಸಿದರೆ ಎರಡು ಸ್ವಚ್ಛ ಪಾತ್ರೆಗಳ ನಡುವೆ ಎತ್ತಿ ಹೊಯ್ದರೆ ರುಚಿ ಬರುತ್ತದೆ.

ಐಎಸ್ 10500 ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಅದನ್ನು ನಿಖರವಾಗಿ ಹೇಳಲು ಪ್ರಯೋಗಾಲಯ ಬೇಕು. ಮನೆಯಲ್ಲಿ ಅಂದಾಜು ನೋಡಲು 1982ರಲ್ಲಿ ಭಾರತೀಯ ವಿಜ್ಞಾನಿಗಳೇ ರೂಪಿಸಿದ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಶೀಶೆ ಸಾಕಾಗುತ್ತದೆ: ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರಿಗೆ ಮಲದ ಸೋಂಕಿದೆಯೆಂದು ತಿಳಿಯಬೇಕು. ಬಳಸಿದ ಶೀಶೆಯ ನೀರನ್ನು ಬ್ಲೀಚಿಂಗ್ ಪುಡಿ ಹಾಕಿ ಚೆಲ್ಲಬೇಕು, ಮಕ್ಕಳ ಕೈಗೆ ಸಿಗಬಾರದು. ಮೂರು ಶೀಶೆಗಳನ್ನು ಒಟ್ಟಿಗೆ ಇಡುವುದು ಒಳ್ಳೆಯ ಕ್ರಮ; ಒಂದಕ್ಕೆ ತೊಟ್ಟಿಯ ನೀರು, ಇನ್ನೊಂದಕ್ಕೆ ಪೆಟ್ಟಿಗೆಯಿಂದ ಆಗಷ್ಟೇ ಇಳಿಸಿ ಆರಿಸಿದ ನೀರು, ಮತ್ತೊಂದಕ್ಕೆ ಡ್ರಮ್ಮಿನ ನಲ್ಲಿಯಿಂದ ಹಿಡಿದ ನೀರು. ಮೊದಲನೆಯದು ಕಪ್ಪಾಗುವುದು ಅನಿರೀಕ್ಷಿತವಲ್ಲ. ಎರಡನೆಯದು ಕಪ್ಪಾದರೆ ಮೇಣದ ಸೂಚಕವನ್ನೂ ಪೆಟ್ಟಿಗೆಯ ಗಾಜು-ಕನ್ನಡಿಗಳನ್ನೂ ಪರಿಶೀಲಿಸಬೇಕು. ಎರಡನೆಯದು ತಿಳಿಯಾಗಿದ್ದು ಮೂರನೆಯದು ಮಾತ್ರ ಕಪ್ಪಾದರೆ ದೋಷವಿರುವುದು ಡ್ರಮ್ಮಿನಲ್ಲಿ. ನಲ್ಲಿಯನ್ನು ಬಿಚ್ಚಿ, ಒಳಗಿನ ವಾಷರಿನ ಲೋಳೆಯನ್ನು ಉಜ್ಜಿ ತೆಗೆದು, ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೊಳೆದು, ಒಂದು ದಿನ ಬಿಸಿಲಿನಲ್ಲಿ ಒಣಗಿಸಿದ ಬಳಿಕ ಮರಳಿ ಬಳಸಬಹುದು.